ಮಂಡಿಯವನ ಕೈಗೆ ಸಿಕ್ಕ ಪ್ರಬಂಧ

ಹೊಗಳುವುದು ನನಗೆ ಬರುವುದಿಲ್ಲ. ಇದು ಜಂಬವಲ್ಲ, ಬೆಳೆದ ರೀತಿ. ಶ್ರೀನಿವಾಸಪುರದಲ್ಲಿ ನಮ್ಮ ಅಬ್ಬಾ ಮಾವಿನ ಮಂಡಿ ಇಟ್ಟಿದ್ದರು. ರೈತರು ತಂದ ಕಾಯಿ ಎಷ್ಟೇ ಚೆನ್ನಾಗಿರಲಿ, ಅಬ್ಬಾ ಮುಖ ಕಿವುಚಿ, "ಏನ್ ರೆಡ್ಡೇರೇ, ಇದೇನ್ ಕಾಯೋ ಕಲ್ಲೋ? ತೊಟ್ಟು ನೋಡಿ, ಮಚ್ಚೆ ನೋಡಿ" ಎಂದೇ ಶುರುಮಾಡುತ್ತಿದ್ದರು. ಹೊಗಳಿದರೆ ರೇಟು ಏರುತ್ತದೆ ಎಂಬುದು ನಾನು ಅಕ್ಷರಕ್ಕಿಂತ ಮೊದಲು ಕಲಿತ ಪಾಠ. ಈಗಲೂ ಹೆಂಡತಿ ಬಿರಿಯಾನಿ ಬಡಿಸಿದರೆ ಉಪ್ಪು ಎಲ್ಲಿ ಕಡಿಮೆಯಾಗಿದೆ ಎಂದೇ ಹುಡುಕುತ್ತೇನೆ. ಅವಳು ತಟ್ಟೆಯನ್ನೇ ಎತ್ತಿಕೊಂಡು ಹೋದ ದಿನಗಳೂ ಉಂಟು.

ಇಂಥ ನಾನು ಮೂವತ್ತೆಂಟನೆಯ ವಯಸ್ಸಿನಲ್ಲಿ ಮೇಷ್ಟ್ರಾಗುವ ಹುಚ್ಚು ಹಿಡಿದು ಕೋಲಾರದ ಒಂದು ಬಿ.ಎಡ್. ಕಾಲೇಜು ಸೇರಿದೆ. ಕನ್ನಡದ ಮೇಡಂ ಒಂದು ದಿನ, "ಎಲ್ಲರೂ ಪ್ರಬಂಧದ ಕರಡು ಬರೀರಿ. ಪಕ್ಕದವರ ಜೊತೆ ಅದಲುಬದಲು ಮಾಡ್ಕೊಂಡು ಓದಿ, ಅನ್ಸಿದ್ದನ್ನ ಅಂಚಲ್ಲಿ ಬರೀರಿ. ತಿದ್ದಿ ಬರೆದದ್ರಲ್ಲಿ ಒಂದನ್ನ ವಾರ್ಷಿಕೋತ್ಸವದಲ್ಲಿ ಓದಿಸ್ತೀನಿ" ಎಂದರು. ನನ್ನ ಪಕ್ಕದವಳು ಬೈರಕೂರಿನ ಮಂಜುಳಾ, ಮಾವಿನ ತೋಟದ ಮನೆಯ ಹುಡುಗಿ. ಡೇರಿಗೆ ಹಾಲು ಹಾಕಲು ಅವಳಮ್ಮ ನಲವತ್ತೈದರಲ್ಲಿ ಸೈಕಲ್ ಕಲಿತದ್ದನ್ನು ಬರೆದಿದ್ದಳು. "ಭಾಯ್, ನಂದು ಆಯ್ಕೆಯಾದ್ರೆ ಅಮ್ಮನ್ನ ಮುಂದಿನ ಸಾಲಲ್ಲೇ ಕೂರಿಸ್ತೀನಿ. ಅಮ್ಮ ನಮ್ ಕಾಲೇಜು ನೋಡೇ ಇಲ್ಲ" ಎಂದಳು.

ಓದುತ್ತ ಮನಸ್ಸು ಸೋತು, ಇನ್ನೊಮ್ಮೆ ಮೊದಲಿನಿಂದ ಓದಿದೆ. ಕೈ ಮಾತ್ರ ಮಂಡಿಯದು. "ಆರಂಭ ಇನ್ನೂ ಬಲಿತಿಲ್ಲ. ಮಧ್ಯೆ ಮೆತ್ತಗಾಗಿದೆ. ಈ ಪ್ಯಾರಾ ಹೊರಗೆ ಬಣ್ಣ, ಒಳಗೆ ಹುಳಿ. ಅಮ್ಮ ಬಿದ್ದರು, ಯಾರೋ ನಕ್ಕರು ಅಂತೀಯ, ನಕ್ಕವರು ಯಾರು ಅಂತ ಯಾಕೆ ಬಚ್ಚಿಟ್ಟೆ?" ಹೀಗೆ ನಾಲ್ಕೂ ಅಂಚು ತುಂಬಿಸಿ ಕೊಟ್ಟೆ. ನನ್ನ 'ಶಿಕ್ಷಣ ಮತ್ತು ಸಮಾಜ' ಪ್ರಬಂಧದ ಕೆಳಗೆ ಅವಳು ಮುದ್ದಾದ ಅಕ್ಷರದಲ್ಲಿ "ತುಂಬ ಚೆನ್ನಾಗಿದೆ ಭಾಯ್" ಎಂದಷ್ಟೇ ಬರೆದಿದ್ದಳು. ಮನೆಗೆ ಹೋದವನೇ ಹೆಂಡತಿಗೆ ತೋರಿಸಿ, ತಿಳಿದವರು ಹೇಗೆ ಮಾತಾಡುತ್ತಾರೆ ನೋಡು ಎಂದೆ.

ಮಾರನೆಯ ದಿನ ಮಂಜುಳಾ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಹಿಂದಿನ ಬೆಂಚಿನವಳೊಬ್ಬಳು, "ಏನ್ ಬರೆದ್ರಿ ಭಾಯ್? ಪಾಪ, ಅದನ್ನೇ ನೋಡ್ತಾ ಕೂತ್ಬಿಟ್ಟಿದ್ಲು" ಎಂದಳು. ಮುಂದಿನ ಸಾಲಿನ ಒಂದು ಖಾಲಿ ಕುರ್ಚಿ ಕಣ್ಣೆದುರು ಸುಳಿಯತೊಡಗಿತು. ಅವತ್ತು ಉಪ್ಪೇ ಇಲ್ಲದ ಸಾರನ್ನು ತೆಪ್ಪಗೆ ಉಂಡೆ. ಜ್ವರವಿದೆಯೇ ಎಂದು ಹೆಂಡತಿ ಹಣೆ ಮುಟ್ಟಿ ನೋಡಿದಳು.

ಮೂರನೆಯ ದಿನ ಮಂಜುಳಾ ನಗುನಗುತ್ತ ಬಂದಳು. "ತೋಟದಲ್ಲಿ ಕಾಯಿ ಕೀಳೋದಿತ್ತು ಭಾಯ್." ನಾನು ತಪ್ಪಾಯಿತು ಎಂದು ಶುರುಮಾಡಿದರೆ ಅವಳೇ ತಡೆದಳು. "ಅಯ್ಯೋ, ನೀವು ಅಷ್ಟೊಂದು ತಪ್ಪು ತೆಗೆದಾಗ್ಲೇ ನಂಗೆ ಧೈರ್ಯ ಬಂದಿದ್ದು. ಮಂಡೀಲಿ ನೋಡಿಲ್ವಾ? ಬೇಕಾದವರು ರಾಶಿ ಕೆದಕಿ ಕೆದಕಿ ಬೈತಾರೆ. ಬೇಡದವರು ಚೆನ್ನಾಗಿದೆ ಅಂತ ಮುಂದಕ್ಕೆ ಹೋಗ್ತಾರೆ." ನನಗೆ ಹೋದ ಉಸಿರು ಬಂದಂತಾಯಿತು.

ಅವಳ ಪ್ರಬಂಧವೇ ಆಯ್ಕೆಯಾಯಿತು. ಅಮ್ಮ ಬಿದ್ದಾಗ ಮರೆಯಲ್ಲಿ ನಿಂತು ನಕ್ಕವಳು ತಾನೇ ಎಂದು ಹೊಸದಾಗಿ ಸೇರಿಸಿದ್ದಳು. ವಾರ್ಷಿಕೋತ್ಸವದಲ್ಲಿ ಆ ಸಾಲು ಓದಿ ಅವಳು ತಲೆಯೆತ್ತಿ ಅಮ್ಮನನ್ನು ನೋಡಿದಳು. ಮುಂದಿನ ಸಾಲಿನಿಂದ ಅವಳಮ್ಮ, "ನಂಗವತ್ತೇ ಗೊತ್ತಿತ್ತು ಕಣೇ!" ಎಂದು ಕೂಗಿದರು. ಸಭೆಗೆ ಸಭೆಯೇ ನಕ್ಕಿತು. ನಾನು ಕಣ್ಣೊರೆಸಿಕೊಂಡು ಜೋರಾಗಿ ಚಪ್ಪಾಳೆ ತಟ್ಟಿದೆ. ತಟ್ಟುತ್ತಿರುವಾಗಲೇ, ಅವಳು ನನ್ನ ಕರಡಿನ ಕೆಳಗೆ ಬರೆದದ್ದು ನೆನಪಾಯಿತು. ಕೈ ಅಲ್ಲೇ ನಿಂತಿತು.

ಕಾರ್ಯಕ್ರಮ ಮುಗಿದದ್ದೇ ತಡ, ಬ್ಯಾಗಿನಿಂದ ನನ್ನ ಕರಡು ತೆಗೆದು ಅವಳ ಹಿಂದೆ ಓಡಿದೆ. "ಮಂಜುಳಾ, ಒಂದಾದ್ರೂ ಮಚ್ಚೆ ತೋರಿಸಮ್ಮಾ!" ಅವಳು ಹಾಳೆ ಮುಟ್ಟಲೂ ಇಲ್ಲ. "ಏನೂ ಇಲ್ಲ ಭಾಯ್, ತುಂಬ ಚೆನ್ನಾಗಿದೆ" ಎಂದು ವಿನಯದಿಂದ ಹೇಳಿ, ಅಮ್ಮನ ಕೈ ಹಿಡಿದು ಮುಂದಕ್ಕೆ ಹೋದಳು.