ರಘುನಂದನರು ಬೆಸೆದ ಸೋಮವಾರ

"ನನ್ನ ಮನೆಯಲ್ಲಿ ಇನ್ನು ಮುಂದೆ ಭಿನ್ನಾಭಿಪ್ರಾಯವೆಂಬುದೇ ಉಳಿಯಕೂಡದು!" ಎಂದು ಮದ್ದೂರಿನ ರಘುನಂದನರು ಲ್ಯಾಪ್‌ಟಾಪಿನ ಮುಂದೆ ಕುಳಿತು ಸಂಕಲ್ಪ ಮಾಡಿದರು.

ತಂಗಿ ಚಂದನಳನ್ನು ಮಳವಳ್ಳಿಗೆ ಮದುವೆ ಮಾಡಿಕೊಟ್ಟಾಗಿತ್ತು. ಬೀಗರನ್ನು ಕರೆದು ಉಪಚರಿಸುವುದೊಂದೇ ಬಾಕಿ. ಚಂದನಳ ಅತ್ತೆ ಮರಿತಾಯಮ್ಮನವರು ಸೋಮವಾರದ ವ್ರತವನ್ನು ಬಲು ಕಟ್ಟುನಿಟ್ಟಾಗಿ ನಡೆಸುವ ಶಿವಭಕ್ತೆ. ಅವರ ಮನಸ್ಸು ನೊಂದರೆ ದಿನವೂ ಮಾತು ಕೇಳಬೇಕಾದವಳು ಹೊಸ ಸೊಸೆ!

ರಘುನಂದನರೂ ಪತ್ನಿ ರಂಜಿತರೂ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವರು. ಉಪಚಾರದ ಯೋಜನೆಯನ್ನು ತಂತಮ್ಮ ಲ್ಯಾಪ್‌ಟಾಪಿನಲ್ಲಿ ತಿದ್ದುವುದು, ಬಳಿಕ ಕಪ್ಪು ಪರದೆಯ ಮೇಲೆ 'ಗಿಟ್' ಎಂಬ ತಂತ್ರಾಂಶಕ್ಕೆ ಆಜ್ಞೆ ಬರೆದು ಎರಡೂ ಪ್ರತಿಗಳನ್ನು ಒಂದಾಗಿ ಬೆಸೆಯುವುದು ಅವರ ಏರ್ಪಾಡು.

ರಘುನಂದನರು ಆಜ್ಞೆ ಕೊಟ್ಟರು. ಗಿಟ್ ಅರ್ಧದಲ್ಲೇ ನಿಂತಿತು! ಒಂದೇ ಸಾಲನ್ನು ಇಬ್ಬರೂ ಬೇರೆ ಬೇರೆ ರೀತಿ ತಿದ್ದಿದ್ದರು. ಯಾವುದು ಬೇಕೋ ನೀವೇ ತೀರ್ಮಾನಿಸಿ ಎಂದು ಅದು ಎರಡು ಸಾಲುಗಳನ್ನೂ ಬಾಣದ ಗುರುತು ಹಾಕಿ ಮುಂದಿಟ್ಟಿತು. ರಂಜಿತರದು: "ಸೋಮವಾರ: ಶಿವಪೂಜೆ, ಪಾಯಸದೂಟ." ರಘುನಂದನರದು: "ಮಂಗಳವಾರ: ಬೀಗರೂಟ, ಎರಡು ಬಂಡೂರು ಕುರಿ."

ತನಗೆ ತಿಳಿಯದ ಕಡೆ ನಿಂತು ಕೇಳುವ ವಿನಯ ಯಂತ್ರಕ್ಕಿತ್ತು. ರಂಜಿತರು ಪಕ್ಕದ ಅಡುಗೆಮನೆಯಲ್ಲೇ ಇದ್ದರು. ಆದರೆ ನಮ್ಮ ಪಂಡಿತರು ಏಳುವರೇ?

"ಅವಳ ವಾರ, ನನ್ನ ಊಟ! ಸಾಕ್ಷಾತ್ ಅರ್ಧನಾರೀಶ್ವರ!" ಎಂದು ಹಿಗ್ಗಿ, ಬಾಣದ ಗುರುತುಗಳನ್ನು ಅಳಿಸಿ ಹೊಸ ಸಾಲನ್ನು ಪ್ರತಿಷ್ಠಾಪಿಸಿಯೇ ಬಿಟ್ಟರು: "ಸೋಮವಾರ: ಶಿವಪೂಜೆ, ಬೀಗರೂಟ, ಎರಡು ಬಂಡೂರು ಕುರಿ." ಕುರಿ ವ್ಯಾಪಾರದ ಇಸಾಕನಿಗೆ ಅದನ್ನೇ ವಾಟ್ಸಾಪ್ ಮಾಡಿದರು. ಬೀಗರಿಗೆ "ಸೋಮವಾರ ಬನ್ನಿ" ಎಂದು ಫೋನೂ ಆಯಿತು.

"ಏನ್ರೀ, ಸರಿಹೋಯ್ತಾ?" ಎಂದರು ರಂಜಿತ.

"ತಕರಾರು ಬಂದಿತ್ತು ಕಣೆ. ಬಗೆಹರಿಸ್ಬುಟ್ಟೆ."

"ನನ್ನ ಕೇಳ್ದೇನೇ?"

"ನಿನ್ನ ಸೋಮವಾರ ಅಂಗೇ ಮಡಗಿವ್ನಿ, ಸುಮ್ಕಿರು!"

ರಂಜಿತರು ನೆಮ್ಮದಿಯಿಂದ ಪಾಯಸಕ್ಕೆ ಶ್ಯಾವಿಗೆ ತರಿಸಿದರು.

ಸೋಮವಾರ ಬೆಳಿಗ್ಗೆ ಚಪ್ಪರದಡಿ ಪೂಜಾಮಂಟಪ ಸಿದ್ಧವಾಗಿತ್ತು. ವೈದ್ಯನಾಥಪುರದಿಂದ ತಂದ ಬಿಲ್ವಪತ್ರೆ ಬುಟ್ಟಿಯ ತುಂಬ ಇತ್ತು. ಆಗ ಟೆಂಪೋ ಬಂದು ನಿಂತಿತು.

"ರಘಣ್ಣೋ! ಸೋಮವಾರ ಅಂತ ನೋಡಿ ನಂಗೇ ದಿಗಿಲಾಯ್ತು. ನೀವೇ ಬರ್ದಿದ್ದೀರಲ್ಲ, ಇನ್ನೇನ್ ಮಾಡಾನೆ!" ಎನ್ನುತ್ತ ಇಸಾಕನು ಕುರಿಗಳನ್ನು ಚಪ್ಪರದ ಕಂಬಕ್ಕೆ ಬಿಗಿದು ಹೊರಟೇಹೋದನು.

"ಅಯ್ಯೋ ನಿನ್ ಮನೆ ಕಾಯೋಗ! ಸಿವಪೂಜೆ ದಿನ ಬಾಗ್ಲಲ್ಲಿ ಕುರಿ ಕಟ್ಸಿದ್ದೀಯಲ್ಲೋ!" ಎಂದು ತಾಯಿ ಬೆಟ್ಟಮ್ಮ ಹಣೆ ಚಚ್ಚಿಕೊಂಡರು.

"ಗಾಬ್ರಿಯಾಗ್ಬೇಡ ಕಣವ್ವ. ಗಿಟ್‌ನಲ್ಲಿ ಹಳೇದೆಲ್ಲಾ ಭದ್ರವಾಗಿ ಅದೆ. ಒಂದೇ ಆಜ್ಞೇಲಿ ವಾಪಸ್ ಮಾಡ್ತೀನಿ!"

"ಮಾಡ್ಲಾ ಮತ್ತೆ! ಈ ಕುರಿಗಳ್ನ ವಾಪಸ್ ಮಾಡು, ನೋಡಾನೆ!"

ರಘುನಂದನರು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಕುರಿಗಳು ಬಿಲ್ವಪತ್ರೆಯ ಬುಟ್ಟಿಯನ್ನು ಬರಿದು ಮಾಡಿ, ಮಂಟಪದ ಬಾಳೆಕಂದಿಗೆ ಬಾಯಿ ಹಾಕಿದ್ದವು! ಅದೇ ಮುಹೂರ್ತಕ್ಕೆ ಮಳವಳ್ಳಿಯ ಬೀಗರ ವ್ಯಾನು ಬಂದಿತು.

ಮರಿತಾಯಮ್ಮನವರು ಇಳಿದರು. ಹಿಂದೆ ಬಿಳುಚಿದ ಮುಖದ ಚಂದನ.

"ಇದೇನ್ ಮಗಾ ಇದು?"

ರಘುನಂದನರು ಆಗಲೂ ಎದೆಯುಬ್ಬಿಸಿಯೇ ನಿಂತಿದ್ದರು. "ಅಮ್ಮಾ, ನಾನೊಂದು ಬರ್ದಿದ್ದೆ, ಇವ್ಳೊಂದು ಬರ್ದಿದ್ಳು. ಮಿಷೀನು ನಿಂತು, ಯಾವ್ದು ಬೇಕು ಅಂತ ಕೇಳ್ತು. ನಾನು ಎರಡನ್ನೂ ಸೇರಿಸ್ಬುಟ್ಟೆ."

"ಮಿಸೀನು ನಿನ್ನ ಕೇಳ್ತು. ನೀನು ಯಾರ್ನ ಕೇಳ್ದೆ?"

ಪಂಡಿತರು ಲ್ಯಾಪ್‌ಟಾಪ್ ಮುಚ್ಚಿದರು.

ಮರಿತಾಯಮ್ಮನವರು ಕುರಿಗಳನ್ನು ದಿಟ್ಟಿಸಿದರು. ಒಂದರ ಬಾಯಲ್ಲಿ ಕಡೆಯ ಬಿಲ್ವದೆಲೆ ನೇತಾಡುತ್ತಿತ್ತು. ಅವರ ಗಂಟುಮುಖ ಮೆಲ್ಲನೆ ಸಡಿಲಿ, ನಗು ಉಕ್ಕಿತು. "ನಮ್ಗಿಂತ ಮುಂಚೇನೇ ಸಿವನ ಪ್ರಸಾದ ಉಂಡವ್ರೆ ಕಣಮ್ಮ! ಇವುಗಳ್ನ ಕುಯ್ಯಾಕಾದದಾ? ಬಾ ಚಂದನ, ಒಳಗೋಗಿ ದೀಪ ಅಚ್ಚಾನೆ."

ಚಂದನ ತಡೆದಿದ್ದ ಉಸಿರು ಬಿಟ್ಟಳು. ಬೀಗರ ಕಡೆಯ ಗಂಡಸರು ಬಂಡೂರು ಕುರಿಗಳನ್ನು ಕಂಡು ನಿಟ್ಟುಸಿರು ಬಿಟ್ಟರು.

"ಈ ಕುರಿಗಳ್ನ ಸಾಕೋರು ಯಾರು?" ಎಂದರು ಬೆಟ್ಟಮ್ಮ.

"ತರಿಸ್ದೋನೇ ಸಾಕ್ಲಿ!" ಎಂದು ತೀರ್ಪಿತ್ತು ಮರಿತಾಯಮ್ಮನವರು ಒಳಗೆ ನಡೆದರು.

ಎರಡು ಹಗ್ಗ ಹಿಡಿದು ನಿಂತ ರಘುನಂದನರು, ಆ ಯೋಜನೆ ಆರಂಭವಾದಾಗಿನಿಂದ ಮೊದಲ ಬಾರಿಗೆ, ಹೆಂಡತಿಯ ಕಡೆ ತಿರುಗಿ ಮೆಲುದನಿಯಲ್ಲಿ ಕೇಳಿದರು: "ರಂಜೂ, ಇವುಗಳ್ನ ಎಲ್ಲಿ ಕಟ್ಲಿ?"

"ಅಬ್ಬಾ, ಕೊನೆಗೂ ಕೇಳಿದ್ರಲ್ಲ!" ಎಂದರು ರಂಜಿತ. "ನಿಮ್ಮ ಲ್ಯಾಪ್‌ಟಾಪ್ ರೂಮಲ್ಲೇ ಕಟ್ಟಿ!"