ಟೀಪಾಯಿಗೆ ಬೋರರ್ ಟ್ರೇಸಿಂಗ್

ಬೇರೆಯವರ ತಪ್ಪು ಹುಡುಕುವುದಕ್ಕೇ ಸಂಬಳ ಪಡೆಯುವ ಮನುಷ್ಯನಿಗೆ ಒಂದು ದೊಡ್ಡ ಸೌಕರ್ಯವಿದೆ. ಅವನ ಮನೆಗೆ ಬಂದು ಯಾರೂ ತಪ್ಪು ಹುಡುಕುವುದಿಲ್ಲ. ಈ ಸೌಕರ್ಯವನ್ನು ನಾನು ಇಪ್ಪತ್ತನಾಲ್ಕು ವರ್ಷ ಅನುಭವಿಸಿದೆ. ಬಣಕಲ್ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಯಾರು ಕೆಲಸಕ್ಕೆ ಬಂದರು, ಯಾವ ಬ್ಲಾಕಿನಲ್ಲಿ ಏನು ನಡೆಯಿತು ಎಂದು ಬರೆದಿಡುವುದು, ನಡೆಯದಿದ್ದರೆ ಗದರುವುದು, ಇಷ್ಟೇ ನನ್ನ ಕೆಲಸ. ಬರೆಯುವುದಕ್ಕಿಂತ ಗದರುವುದರಲ್ಲೇ ನನ್ನ ಕೈ ಪಳಗಿದೆ ಎಂದು ನನ್ನ ಹೆಂಡತಿ ಸುಮಿತ್ರ ಹೇಳುತ್ತಾಳೆ. ಅವಳು ಮೂಡಿಗೆರೆಯಲ್ಲಿ ಶಾಲಾ ಟೀಚರ್, ಗದರುವ ವಿದ್ಯೆಯಲ್ಲಿ ನನಗಿಂತ ಹಿರಿಯಳು. ಹಾಗಾಗಿ ಅವಳ ಮಾತನ್ನು ನಾನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಕಾಫಿಯನ್ನು ಲೋಟದಲ್ಲಿ ಮಾತ್ರ ಕಂಡವರಿಗೆ ಇಲ್ಲಿ ಒಂದು ವಿಷಯ ಹೇಳಬೇಕು. ಕಾಫಿಯಲ್ಲಿ ಅರೇಬಿಕಾ, ರೋಬಸ್ಟಾ ಎಂದು ಎರಡು ಜಾತಿ. ಅರೇಬಿಕಾ ಗಿಡದ ಕಾಂಡವನ್ನು ಕೊರೆದು ಒಳಗೇ ಸಂಸಾರ ಹೂಡುವ ಒಂದು ಹುಳವಿದೆ. ಅದನ್ನು ನಾವೆಲ್ಲ ಬೋರರ್ ಎನ್ನುತ್ತೇವೆ. ವರ್ಷಕ್ಕೆರಡು ಸಲ, ಆ ಹುಳಕ್ಕೆ ರೆಕ್ಕೆ ಬಂದು ಹೊರಗೆ ಹಾರುವ ಮೊದಲು, ತೋಟದ ಒಂದೊಂದು ಗಿಡವನ್ನೂ ಮುಟ್ಟಿ ನೋಡಿ, ಹುಳ ಹಿಡಿದದ್ದನ್ನು ಬುಡಸಮೇತ ಕಿತ್ತು ಸುಡಬೇಕು. ಇದಕ್ಕೆ ಟ್ರೇಸಿಂಗ್ ಎಂದು ಹೆಸರು. ಒಂದು ಬೊಡ್ಡೆ ಉಳಿದರೂ ಅದರಿಂದ ಹೊರಟ ಹುಳ ಅಕ್ಕಪಕ್ಕದ ಗಿಡಗಳನ್ನು ಹಿಡಿಯುತ್ತದೆ. ಆದ್ದರಿಂದ ಕಿತ್ತ ಗಿಡವನ್ನು ಸೌದೆಗೆಂದು ಯಾರೂ ಮನೆಗೆ ಒಯ್ಯಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಒಮ್ಮೆ ಟ್ರೇಸಿಂಗ್ ಗ್ಯಾಂಗಿನ ಹಿರಿಯಳಾದ ಗಿರಿಜಕ್ಕ ಬಚ್ಚಲ ಒಲೆಗೆಂದು ಒಂದು ಬೊಡ್ಡೆ ಹೊತ್ತುಕೊಂಡು ಹೋಗುತ್ತಿದ್ದಾಗ ನಾನು ದಾರಿಗೆ ಅಡ್ಡ ನಿಂತು, ಎಲ್ಲರ ಎದುರಿಗೆ, ಕಾಫಿ ಉದ್ಯಮದ ಭವಿಷ್ಯದ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿ ಬೊಡ್ಡೆ ಕೆಳಗಿಳಿಸಿದ್ದೆ. ಆಕೆ ಸೆರಗು ಕೊಡವಿಕೊಂಡು ಹೋಗಿದ್ದರು.

ಇಂಥ ನಾನು ಹೋದ ವರ್ಷ ಸೆಪ್ಟೆಂಬರಿನಲ್ಲಿ ಒಂದು ಬೋರರ್ ಬೊಡ್ಡೆಯನ್ನು ಕದ್ದೆ. ಕದ್ದೆ ಎಂದು ಈಗ ಬರೆಯುತ್ತಿದ್ದೇನೆ. ಆಗ ‘ಪರಿಸರ ಸಂರಕ್ಷಣೆ’ ಎಂದುಕೊಂಡಿದ್ದೆ.

ಇದರ ಮೂಲ ಸುಮಿತ್ರಳ ಶಾಲೆಯಲ್ಲಿ ನಡೆದ ಒಂದು ಪರಿಸರ ಶಿಬಿರ. ಅಲ್ಲಿಂದ ಬಂದವಳು ಮನೆಯ ನಾಲ್ಕೂ ಪ್ಲಾಸ್ಟಿಕ್ ಕುರ್ಚಿಗಳನ್ನು ಹೊರಗೆ ಕಳಿಸಿದಳು. ಲಂಟಾನ ಕಡ್ಡಿಯಿಂದ ಹೆಣೆದ ಕುರ್ಚಿ ಬಂತು. ಅದರಲ್ಲಿ ಕೂತು ಎದ್ದರೆ ಬೆನ್ನ ಮೇಲೆ ಚಾಪೆಯ ಗೆರೆ ಮೂಡುತ್ತಿತ್ತು. ಗೋಣಿಚೀಲದ ಕರ್ಟನ್ ಬಂದ ಮೇಲೆ, ಮನೆಗೆ ಬಂದ ನಮ್ಮ ಷಡ್ಡಕ ಬಾಗಿಲಲ್ಲೇ ನಿಂತು, ಗೋಡೌನಿನ ಕಡೆ ಬಂದುಬಿಟ್ಟೆನೋ ಎಂದು ಕೇಳಿದ. ಅಡಿಕೆ ಹಾಳೆಯ ಮೇಲೆ ಮುಳ್ಳು ಕೂರಿಸಿದ ಒಂದು ಗಡಿಯಾರವೂ ಇತ್ತು. ಥಂಡಿಗೆ ಹಾಳೆ ಮುದುರಿಕೊಂಡು ಮುಳ್ಳು ನಾಲ್ಕಕ್ಕೇ ಸಿಕ್ಕಿಬಿತ್ತು. ಮೊದಮೊದಲು ಗೊಣಗಿದ ನಾನು ಒಂದು ತಿಂಗಳಲ್ಲಿ ಆ ಹುಚ್ಚಿಗೆ ಸುಮಿತ್ರಳಿಗಿಂತ ಜೋರಾಗಿ ಬಿದ್ದೆ. ಹೊಸದಾಗಿ ಮತಕ್ಕೆ ಸೇರಿದವನ ಭಕ್ತಿ ಯಾವಾಗಲೂ ಒಂದು ಕೈ ಹೆಚ್ಚು. ಚಿಕ್ಕಮಗಳೂರಿಗೆ ಹೋದಾಗ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ ಬಲ್ಬ್ ಇಳಿಬಿಟ್ಟ ದೀಪವೊಂದನ್ನು ನಾನೇ ತಂದು ಹಾಲಿನ ನಡುವೆ ತೂಗುಹಾಕಿದೆ. ದೀಪದ ಕೆಳಗೆ ಒಂದು ಟೀಪಾಯಿ ಬೇಕಲ್ಲ?

ಅಂಥ ಸಮಯದಲ್ಲೇ ಮೂರನೇ ಬ್ಲಾಕಿನಲ್ಲಿ ಆ ಬೊಡ್ಡೆ ನನ್ನ ಕಣ್ಣಿಗೆ ಬಿತ್ತು. ಐವತ್ತು ವರ್ಷದ ಮುದಿ ಗಿಡ. ಬೇರುಗಳು ಮೂರು ಕಡೆ ಕಾಲು ಚಾಚಿ ನಿಂತಿದ್ದವು. ಮೇಲೊಂದು ಗಾಜು ಇಟ್ಟರೆ ಸಾಕು. ಸುಡುವ ರಾಶಿಯಿಂದ ಅದನ್ನೊಂದು ಪಕ್ಕಕ್ಕೆ ಸರಿಸಿ, ಎಲ್ಲರೂ ಊಟಕ್ಕೆ ಹೋದಾಗ ಜೀಪಿಗೆ ಹಾಕಿಕೊಂಡು ಬಣಕಲ್ಲಿನ ಮರಗೆಲಸದ ಆಚಾರ್ರಿಗೆ ಮುಟ್ಟಿಸಿದೆ. ತೊಗಟೆ ಕೆತ್ತಿ ಬಿಸಾಕೋಣ ಎಂದರು ಆಚಾರ್ರು. ಕೂಡದು, ಸಹಜ ಸೌಂದರ್ಯ ಇರುವುದೇ ತೊಗಟೆಯಲ್ಲಿ ಎಂದು ಅವರಿಗೂ ಒಂದು ಭಾಷಣ ಕೊಟ್ಟೆ. ಅವರು ನನ್ನ ಮುಖವನ್ನೊಮ್ಮೆ, ಬೊಡ್ಡೆಯನ್ನೊಮ್ಮೆ ನೋಡಿ ಆಗಲಿ ಎಂದರು. ಮಾಡಿಕೊಡಲು ಎರಡು ತಿಂಗಳು ಸತಾಯಿಸಿದರು. ಕೊನೆಗೂ ಟೀಪಾಯಿ ಬಂತು, ಬಂದವರೆಲ್ಲ ಹೊಗಳಿದರು. ಎಲ್ಲಿಂದ ತಂದಿರಿ ಎಂದು ಕೇಳಿದಾಗ ಮಾತ್ರ ನನಗೆ ಕೆಮ್ಮು ಬರುತ್ತಿತ್ತು.

ನವೆಂಬರಿನ ಕೊನೆಯ ಭಾನುವಾರ ಬೆಳಿಗ್ಗೆ, ಒಳ್ಳೆಯ ಬಿಸಿಲು. ಕಾಫಿ ಲೋಟ ಇಡಲು ಹೋದವನು ನೋಡುತ್ತೇನೆ, ಟೀಪಾಯಿಯ ಗಾಜಿನ ಮೇಲೆ, ಬೇರಿನ ಸಂದಿಯಲ್ಲಿ, ಸುತ್ತ ನೆಲದ ಮೇಲೆ ಸಣ್ಣಗೆ ಹಿಟ್ಟು. ಸುಮಿತ್ರ ಬೆರಳಲ್ಲಿ ಒತ್ತಿ ನೋಡಿ, ಮರದ ಹಿಟ್ಟು ಎಂದಳು. ನವೆಂಬರ್ ಎಂದರೆ ಬೋರರ್ ಹಾರುವ ಕಾಲ. ಹಾಲಿನ ಕಿಟಕಿ ಸದಾ ತೆರೆದೇ ಇರುತ್ತದೆ. ಕಿಟಕಿಯಾಚೆ ಬೇಲಿ, ಬೇಲಿಯಾಚೆ ಎಸ್ಟೇಟಿನ ಮಾಲೀಕರಾದ ಗೌಡರ ಅತಿ ಪ್ರೀತಿಯ ಅರೇಬಿಕಾ ಬ್ಲಾಕ್. ಅವರ ತಂದೆ ಕೈಯಾರೆ ಹಾಕಿಸಿದ್ದು. ಅದನ್ನು ಕಾಯುವುದಕ್ಕೆ ನನ್ನನ್ನು ಇಟ್ಟುಕೊಂಡರೆ ನಾನು ಹುಳಕ್ಕೆ ಗಾಜಿನ ಸೂರು ಹಾಕಿ, ದೀಪ ಹಚ್ಚಿ, ಕಿಟಕಿ ತೆಗೆದುಕೊಟ್ಟಿದ್ದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತಂತೆ ಎಂಬ ಗಾದೆಯನ್ನು ನಾನೇ ಎಷ್ಟೋ ಸಲ ಬಳಸಿದ್ದೇನೆ, ಯಾವಾಗಲೂ ಬೇರೆಯವರಿಗೆ.

ಹುಳ ಹಾರಿ ಹೋಗಿದೆಯೋ, ಒಳಗೇ ಇದೆಯೋ? ಅದೊಂದೇ ನನಗೆ ಗೊತ್ತಾಗಬೇಕಿತ್ತು. ಅಲ್ಲಿ ಇನ್ನೊಂದು ಗುಟ್ಟು ಹೊರಬಿತ್ತು. ಇಪ್ಪತ್ತನಾಲ್ಕು ವರ್ಷ ಟ್ರೇಸಿಂಗ್ ಪುಸ್ತಕ ಬರೆದ ನನಗೆ ಟ್ರೇಸಿಂಗ್ ಮಾಡಲು ಬರುವುದಿಲ್ಲ. ಅದು ಆ ಹೆಂಗಸರ ಹೆಬ್ಬೆರಳಿಗೆ ಗೊತ್ತಿರುವ ವಿದ್ಯೆ. ನೆಲಕ್ಕೆ ಬಗ್ಗಿ ತೊಗಟೆಯನ್ನು ಮೂರು ದಿಕ್ಕಿನಿಂದ ಟಾರ್ಚ್ ಹಾಕಿ ನೋಡಿದೆ. ಎಲ್ಲ ಕಡೆಯೂ ತೂತು ಇದ್ದ ಹಾಗೂ ಕಂಡಿತು, ಇಲ್ಲದ ಹಾಗೂ ಕಂಡಿತು. ಸುಮಿತ್ರ ಸ್ವಲ್ಪ ಹೊತ್ತು ನನ್ನ ನಮಸ್ಕಾರಾಸನ ನೋಡಿ, "ಗಿರಿಜಕ್ಕನ್ನ ಕರೀರಿ" ಎಂದಳು. ಬೇರೆ ಯಾರಾದರೂ ಎಂದೆ. ಅವರೇ ಎಂದಳು.

ಗಿರಿಜಕ್ಕ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಗೋಣಿಯ ಕರ್ಟನ್ ಸರಿಸಿ ಒಳಬಂದು, ಟೀಪಾಯಿಯ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಬೊಡ್ಡೆ ಎಲ್ಲಿಯದೆಂದು ಕೇಳಲೇ ಇಲ್ಲ. ನಾನಾಗಿಯೇ, ಅದು ಮೂರನೇ ಬ್ಲಾಕಿನದು ಗಿರಿಜಕ್ಕ ಎಂದೆ. ಗೊತ್ತು, ಕಿತ್ತವಳೇ ನಾನಲ್ವಾ ಎಂದರು. ನನಗೆ ಆ ಕ್ಷಣ ನಿಜಕ್ಕೂ ನಾಚಿಕೆಯಾಯಿತು. ಬೊಡ್ಡೆ ಕಾಣೆಯಾದದ್ದು ಅವರಿಗೆ ಸೆಪ್ಟೆಂಬರಿನಿಂದಲೇ ಗೊತ್ತಿತ್ತು, ಯಾರ ಎದುರಿಗೂ ಬಾಯಿ ಬಿಟ್ಟಿರಲಿಲ್ಲ. ಅವರು ಹೆಬ್ಬೆರಳನ್ನು ಬುಡದಿಂದ ಮೇಲಕ್ಕೆ ನಿಧಾನವಾಗಿ ಎಳೆದರು. ಹಿಟ್ಟನ್ನು ಚಿಟಿಕೆಯಲ್ಲಿ ತೆಗೆದು ಉಜ್ಜಿ ನೋಡಿದರು.

"ಹೊರಗೆ ಹೋದ ತೂತು ಒಂದೂ ಇಲ್ಲ ರೈಟ್ರೇ. ಬೋರರ್ ಹಿಟ್ಟು ಹೀಗೆ ಚೆಲ್ಲಲ್ಲ. ಅದು ತನ್ನ ಹಿಂದೆನೇ ಗಟ್ಟಿಯಾಗಿ ತುಂಬ್ಕೊಂಡು ಹೋಗುತ್ತೆ. ಇದು ಮೇಲಿಂದ ಬಿದ್ದಿದ್ದು."

ನಾವು ಮೂವರೂ ತಲೆ ಎತ್ತಿದೆವು. ಬಿದಿರಿನ ದೀಪದಿಂದ, ಬಿಸಿಲುಕೋಲಿನಲ್ಲಿ ಹೊಳೆಯುತ್ತ, ಒಂದಿಷ್ಟು ಹಿಟ್ಟು ನನ್ನ ಕನ್ನಡಕದ ಮೇಲೆ ಇಳಿಯಿತು. ಬಿದಿರಿಗೆ ಕುಟ್ಟೆ ಹುಳ ಹಿಡಿದಿತ್ತು. ಅದಕ್ಕೂ ಕಾಫಿಗೂ ಸಂಬಂಧವೇ ಇಲ್ಲ.

ಇಷ್ಟಕ್ಕೆ ಬಿಟ್ಟಿದ್ದರೆ ಟೀಪಾಯಿ ಇವತ್ತಿಗೂ ಇರುತ್ತಿತ್ತು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗೆ ಬಾಯಿಮಾತಿನ ಸಮಾಧಾನ ಸಾಲದು. ಸೀಳಿಯೇ ನೋಡೋಣ ಎಂದು ನಾನೇ ಹಟ ಹಿಡಿದೆ. ಬೇಡ ಎಂದು ಗಿರಿಜಕ್ಕ ಎರಡು ಸಲ ಹೇಳಿದರು. ಮೂರನೇ ಸಲ ಹೇಳದೆ ಕೊಡಲಿ ತೆಗೆದುಕೊಂಡರು. ಒಳಗೆ ಹುಳ ಇತ್ತು. ನಾಲ್ಕು ಹುಳ, ನಾಲ್ಕೂ ಒಣಗಿ ಸಂಡಿಗೆಯಾಗಿದ್ದವು. ಆಚಾರ್ರಿಗೆ ಫೋನ್ ಮಾಡಿದೆ. ಬೋರರ್ ಬೊಡ್ಡೆ ಎಂದು ನೋಡಿದ ಕೂಡಲೇ ಗೊತ್ತಾಯಿತಂತೆ. ಎರಡು ತಿಂಗಳು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟಿದ್ದರಂತೆ. ಹೇಳಬಾರದಿತ್ತೇ ಎಂದರೆ, ತೊಗಟೆ ವಿಷಯದಲ್ಲಿ ಹೇಳಿ ನೋಡಿದ್ದೆನಲ್ಲ ಎಂದರು.

ನನಗೆ ಬಂದ ನೆಮ್ಮದಿಯನ್ನು ಹೇಗೆ ವರ್ಣಿಸಲಿ? ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯಸ್ಸಂತೆ. ಒಡೆದ ಟೀಪಾಯಿಯ ಎದುರಿಗೆ ನೆಲದ ಮೇಲೆ ಕೂತು ನಾನು ಮೂರು ದೋಸೆ ತಿಂದೆ. ಗಿರಿಜಕ್ಕನಿಗೂ ಸುಮಿತ್ರ ದೋಸೆ ಹಾಕಿದಳು. ತಿನ್ನುತ್ತ ಅವರು ಆರಾಮವಾಗಿ ಹೇಳಿದರು:

"ಅವತ್ತು ನಾ ಹೊತ್ಕಂಡಿದ್ದು ರೋಬಸ್ಟಾ ಬೊಡ್ಡೆ ರೈಟ್ರೇ. ರೋಬಸ್ಟಾಕ್ಕೆ ಈ ಹುಳ ಬೀಳಲ್ಲ."

ಮತ್ತೆ ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಮಾತಾಡ್ತಾ ಇದ್ರಲ್ಲ" ಎಂದರು.

ತಪ್ಪಾಯಿತು ಗಿರಿಜಕ್ಕ ಎಂದೆ. ಎಸ್ಟೇಟಿನಲ್ಲಿ ಯಾರಿಗಾದರೂ ನಾನು ಹಾಗೆಂದದ್ದು ಅದೇ ಮೊದಲು. ಅಭ್ಯಾಸವಿಲ್ಲದ್ದರಿಂದ ಸ್ವಲ್ಪ ಗದರಿದ ಹಾಗೇ ಕೇಳಿಸಿತಂತೆ. ಬೊಡ್ಡೆಯ ಸೀಳುಗಳನ್ನು ಅವರ ಬಚ್ಚಲ ಒಲೆಗೆ ನಾನೇ ಹೊತ್ತುಕೊಂಡು ಹೋಗಿ ಕೊಟ್ಟೆ. ಮಾರನೆಯ ದಿನ ಗೌಡರಿಗೂ ಎಲ್ಲ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಹೊಗೆ ಹಾಕಿದ ಅಂಥದ್ದೇ ಒಂದನ್ನು ಆಚಾರ್ರು ತಮಗೂ ಮಾಡಿಕೊಟ್ಟಾರಾ ಎಂದು ಕೇಳಿದರು.

ಈ ಮಾರ್ಚಿನಲ್ಲಿ ಮತ್ತೆ ಟ್ರೇಸಿಂಗ್ ಆಯಿತು. ಮೇಲಿನ ಬ್ಲಾಕಿನಲ್ಲಿ ಗಿರಿಜಕ್ಕ ಒಂದು ಗಿಡ ಕಿತ್ತು, ಮಣ್ಣು ಕೊಡವಿ, ಇಡೀ ಗ್ಯಾಂಗಿನ ಎದುರಿಗೆ ಎತ್ತಿ ಹಿಡಿದರು.

"ಇದನ್ನ ಸುಡೋದಾ ರೈಟ್ರೇ, ನಿಮ್ಮನೆಗೆ ಕಳ್ಸೋದಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಸುಡಿ ಎಂದೂ ಹೇಳಿದೆ. ಅಷ್ಟು ಹೇಳುವುದಕ್ಕೆ ನಾನು ಅರ್ಧ ನಿಮಿಷ ಬೊಡ್ಡೆಯನ್ನೇ ನೋಡುತ್ತ ನಿಂತಿದ್ದೆ ಎಂದು ಗಿರಿಜಕ್ಕ ಈಗ ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಿದ್ದಾರೆ. ಅವರದು ಎಲ್ಲದರಲ್ಲೂ ಸ್ವಲ್ಪ ಹೆಚ್ಚೇ. ಹತ್ತು ಸೆಕೆಂಡ್ ಇದ್ದೀತು.