ಬೆಳಕಿಗೆ ಸೋಮಾರಿತನ ಕಲಿಸಿದ ಭಾವ

ನಮ್ಮ ಭಾವನವರು ಮನೆಮಂದಿಗೆಲ್ಲ ‘ಬೇಗ, ಬೇಗ’ ಅನ್ನುವ ಮನುಷ್ಯ. ಪಾಪ, ಬೆಳಕಿಗೆ ಮಾತ್ರ ಸೋಮಾರಿತನ ಕಲಿಸಲು ಹೊರಟಿದ್ದರು!

ಬೆಳಕಿನದು ಎಂಥ ಓಟ! ನಾನು ಈ ಫೋನಿನಲ್ಲಿ ‘ಕ್ಷ’ ಅಕ್ಷರ ಹುಡುಕುವಷ್ಟರಲ್ಲಿ ಚಂದ್ರನವರೆಗೂ ಹೋಗಿ ಬಂದಿರುತ್ತದೆ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಪರದೇಶದಲ್ಲಿ ಯಾರೋ ಅದನ್ನು ಗಾಜಿನ ಬುಡ್ಡಿಯೊಳಗೆ ನಿಲ್ಲಿಸಿದರಂತೆ. ಭೌತಶಾಸ್ತ್ರದ ಮೇಷ್ಟ್ರಾದ ಭಾವ ಬಿಡುತ್ತಾರೆಯೇ? ಅಕ್ಕನ ಕಣ್ಣಿನ ನರ ಸೊರಗುತ್ತಿತ್ತು, ಡಾಕ್ಟರು ಕೈಚೆಲ್ಲಿದ್ದರು. ದೃಷ್ಟಿ ಪೂರ್ತಿ ಹೋಗುವುದರೊಳಗೆ ನಿಂತ ಬೆಳಕನ್ನು ಅವಳಿಗೆ ತೋರಿಸಬೇಕು, ಅಷ್ಟೇ ಹಟ.

“ಬೆಳಕು ನಿಲ್ಸೋಕೆ ಅದೇನು ಟೌನ್ ಬಸ್ಸಾ ಭಾವ?” ಎಂದೆ.

“ನೋಡು ಕಣಮ್ಮ, ಬುಡ್ಡಿಯೊಳಗಿನ ಲೋಹದ ಆವಿ ಲೇಸರ್ ಬೆಳಕನ್ನ ನುಂಗ್ಬುಡುತ್ತೆ. ಜೊತೆಗೆ ಇನ್ನೊಂದು ಲೇಸರ್ ಬಿಟ್ರೆ ಪರಮಾಣುಗಳೆಲ್ಲ ಒಂದೇ ತಾಳಕ್ಕೆ ಬಂದ್ಬುಟ್ಟು ಮೊದಲನೇದಕ್ಕೆ ದಾರಿ ಕೊಡ್ತವೆ. ಅದು ಮೆಲ್ಲಗೆ ಸಾಗ್ತಿರೋವಾಗ ಎರಡನೇದನ್ನ ಆರಿಸು, ಅಲ್ಲೇ ನಿಂತ್ಕೊಳುತ್ತೆ. ಮತ್ತೆ ಹಚ್ಚು, ಈಚೆ ಬರುತ್ತೆ!”

“ಬಂದ್ಮೇಲೆ ಏನ್ಮಾಡ್ತೀರಾ?”

“ಮತ್ತೆ ನಿಲ್ಲಿಸ್ತೀನಿ!”

ಇಂಥವರಿಗೆ ಏನು ಹೇಳೋಣ?

ಲೇಸರ್ ಇಟ್ಟ ಕಲ್ಲುಚಪ್ಪಡಿ ಅಲುಗಬಾರದಂತೆ. ಅದರ ಕೆಳಗೆ ಗಾಳಿ ತುಂಬಿದ ಟ್ಯೂಬು ಬೇಕಂತೆ. ಊರಾಚೆ ಹಿನಕಲ್ ಹತ್ತಿರ ನಮ್ಮ ಸ್ಕೂಟರ್ ಪಂಕ್ಚರಾದಾಗ ಸ್ಟೆಪ್ನಿ ನೋಡಿದರೆ ಒಳಗೆ ಟ್ಯೂಬೇ ಇಲ್ಲ! ಸ್ಕೂಟರ್ ತಳ್ಳಿಕೊಂಡು ಬಂದ ನಮ್ಮೆಜಮಾನರು, “ನಿಮ್ ಭಾವ ಬೆಳಕನ್ನ ನಿಲ್ಸಿದ್ರೋ ಇಲ್ವೋ, ನನ್ನನ್ನಂತೂ ನಡುರಸ್ತೇಲಿ ನಿಲ್ಸ್ಬುಟ್ರು!” ಎಂದರು.

ಕಬ್ಬಿಣ ಹತ್ತಿರ ಬಂದರೂ ಪರಮಾಣುಗಳ ತಾಳ ತಪ್ಪುತ್ತದಂತೆ. ಒಮ್ಮೆ ಅವರ ಕಾಲೇಜಿನ ಲ್ಯಾಬಿಗೆ ಊಟದ ಡಬ್ಬಿ ಕೊಡಲು ಹೋದೆ. “ಸೇಫ್ಟಿ ಪಿನ್ನೆಲ್ಲ ಬಾಗಿಲಲ್ಲೇ ಬಿಚ್ಚಿಡಮ್ಮ!” ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ನೆರಿಗೆ. ವಿಜ್ಞಾನಕ್ಕಾಗಿ ಇನ್ನೆಷ್ಟು ತ್ಯಾಗ ಮಾಡಲಿ ಹೇಳಿ!

ಅಂತೂ ಒಂದು ಭಾನುವಾರ ಫೋನು ಬಂತು: “ಅಕ್ಕನ್ನ ಕರ್ಕೊಂಡ್ಬಾ, ನಿಂತಿದೆ!”

ಅಷ್ಟರಲ್ಲಿ ಅಕ್ಕನಿಗೆ ಹಗಲು ರಾತ್ರಿಯ ವ್ಯತ್ಯಾಸವೂ ತಿಳಿಯದಂತಾಗಿತ್ತು. ಆ ಲೇಸರ್ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಅಳೆಯುವ ಯಂತ್ರದ ಪರದೆಯ ಮೇಲೆ ಗೆರೆಯೊಂದು ಉಬ್ಬಿದರೆ ಬೆಳಕು ಬಂತೆಂದು ಅರ್ಥ. ಆ ಗೆರೆಯನ್ನು ಇವಳಿಗೆ ತೋರಿಸುವುದು ಹೇಗೆ?

ಭಾವ ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ, ಹಳೇ ರೇಡಿಯೋದಿಂದ ಕಿತ್ತ ಸ್ಪೀಕರನ್ನು ಅವಳ ಮಡಿಲಲ್ಲಿಟ್ಟರು.

“ಕೇಳು. ಈಗ ಬುಡ್ಡಿಯೊಳಕ್ಕೆ ಹೋಗುತ್ತೆ.”

ಟಕ್.

“ಈಗ ಒಳಗೇ ಇದೆ.”

ಅಕ್ಕ ಉಸಿರು ಬಿಗಿಹಿಡಿದಳು.

ಟಕ್.

“ಬಂತು ಕಣ್ರೀ! ಬಂತು! ಅಷ್ಟ್ ಹೊತ್ತು ಒಳಗಿತ್ತಾ?”

“ಇಲ್ಲ ಕಣೇ. ರೆಪ್ಪೆ ಬಡಿಯೋ ಅಷ್ಟೂ ಇರಲ್ಲ. ನಿಂಗೆ ಕೇಳ್ಲಿ ಅಂತ ಆ ಹೊತ್ತನ್ನ ಸ್ಪೀಕರಲ್ಲಿ ಎಳೆದೆಳೆದು ಉದ್ದ ಮಾಡಿದೀನಿ.”

ಅಕ್ಕ ಕೈಯಾಡಿಸಿ ಅವರ ಹಣೆ ಹುಡುಕಿ, ಸೆರಗಿನಿಂದ ಬೆವರು ಒರೆಸಿದಳು.